ಐಫೋನ್‌ಗಿಂತ 13 ವರ್ಷ ಮೊದಲೇ ಬಂದಿತ್ತು ಟಚ್‌ಸ್ಕ್ರೀನ್ ಫೋನ್: ಆರು ತಿಂಗಳಲ್ಲೇ 'ಸೈಮನ್' ಅಂಗಡಿಯಿಂದ ಮಾಯವಾದದ್ದು ಯಾಕೆ?

ಸ್ಮಾರ್ಟ್‌ಫೋನ್ ಶುರುವಾದದ್ದು ಯಾವಾಗ ಅಂತ ಇವತ್ತಿನ ಯುವಕರನ್ನು ಕೇಳಿದರೆ ಹೆಚ್ಚಿನವರು 2007 ಅನ್ನುತ್ತಾರೆ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದ ವರ್ಷ ಅದು. ಆದರೆ ನಂಬರ್ ಒತ್ತುವ ಗುಂಡಿಗಳೇ ಇಲ್ಲದ, ಪರದೆ ಮುಟ್ಟಿ ಕರೆ ಮಾಡುವ, ಇಮೇಲ್ ಕಳಿಸುವ, ಕ್ಯಾಲೆಂಡರ್ ಮತ್ತು ವಿಳಾಸ ಪುಸ್ತಕವನ್ನು ಒಳಗೇ ಇಟ್ಟುಕೊಂಡಿದ್ದ ಫೋನೊಂದು 1994ರ ಆಗಸ್ಟ್ 16ರಂದೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತು. ಅದರ ಹೆಸರು 'ಸೈಮನ್'. ಕಂಪ್ಯೂಟರ್ ಕಂಪನಿ ಐಬಿಎಂ ಅದನ್ನು ರೂಪಿಸಿತ್ತು. ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ತಯಾರಿಸಿಕೊಟ್ಟಿತ್ತು. ಬೆಲ್‌ಸೌತ್ ಎಂಬ ಟೆಲಿಫೋನ್ ಕಂಪನಿ ಅದನ್ನು ಮಾರಿತ್ತು.

ಮೂರೂ ಹಣ, ಹೆಸರು ಎರಡೂ ಇದ್ದ ಕಂಪನಿಗಳು. ಹಾಗಿದ್ದರೂ 1995ರ ಫೆಬ್ರವರಿಗೆ ಮಾರಾಟ ನಿಂತುಹೋಯಿತು. ಮಾರಾಟವಾದದ್ದು ಸುಮಾರು 50 ಸಾವಿರ ಫೋನ್ ಮಾತ್ರ. ಎಲ್ಲರಿಗಿಂತ ಮೊದಲು ಬಂದವನೇ ಯಾಕೆ ಸೋತ? ಹೊಸ ಐಡಿಯಾ, ಹೊಸ ಆ್ಯಪ್, ಹೊಸ ವ್ಯಾಪಾರ ಅಂತ ಕನಸು ಕಾಣುವ ಯುವಕರು ಒಮ್ಮೆ ತಿಳಿದುಕೊಳ್ಳಬೇಕಾದ ಕಥೆ ಇದು.

ಆಗ ಕಾಲ ಹೇಗಿತ್ತು?

1994ರಲ್ಲಿ ಮಂಗಳೂರು, ಉಳ್ಳಾಲ, ಮಂಜೇಶ್ವರ, ಉಪ್ಪಳ, ಕಾಸರಗೋಡಿನ ಪೇಟೆಗಳಲ್ಲಿ ಫೋನ್ ಅಂದರೆ ಎಸ್‌ಟಿಡಿ-ಐಎಸ್‌ಡಿ ಬೂತ್. ಗಲ್ಫಿನಲ್ಲಿರುವ ಮಗನ ಜೊತೆ ಮಾತಾಡಬೇಕಾದರೆ ಬೂತ್‌ನಲ್ಲಿ ಸರದಿ ಕಾಯಬೇಕು, ಇಲ್ಲವೇ ಪಕ್ಕದ ಮನೆಯ ಲ್ಯಾಂಡ್‌ಲೈನ್‌ಗೆ ಕರೆ ಬರುವುದನ್ನು ಕಾಯಬೇಕು. ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗಿನ ಪಶ್ಚಿಮ ಬಂಗಾಳ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖರಾಮ್ ಅವರ ಜೊತೆ ಮಾತಾಡಿದ್ದರು. ಅದಾಗಿ ಎರಡು ವಾರಕ್ಕೆ, ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ ಜನಸಾಮಾನ್ಯರಿಗೆ ಇಂಟರ್ನೆಟ್ ಬಂತು. ಅಂದರೆ ಭಾರತಕ್ಕೆ ಮೊಬೈಲ್ ಮತ್ತು ಇಂಟರ್ನೆಟ್ ಬರುವ ಮೊದಲೇ ಸೈಮನ್ ಹುಟ್ಟಿ, ಮಾರಾಟವಾಗಿ, ನಿಂತೂ ಹೋಗಿತ್ತು.

ಅಮೆರಿಕದಲ್ಲೂ ಆಗ ಮೊಬೈಲ್ ಎಲ್ಲರ ಕೈಯಲ್ಲಿ ಇರಲಿಲ್ಲ. ದೊಡ್ಡ ವ್ಯಾಪಾರಿಗಳು, ವಕೀಲರು, ಕಂಪನಿಯ ಮ್ಯಾನೇಜರ್‌ಗಳು ಇಟ್ಟುಕೊಳ್ಳುತ್ತಿದ್ದರು. ಅಂಥವರ ಬ್ಯಾಗಿನಲ್ಲಿ ಸಾಮಾನ್ಯವಾಗಿ ಎರಡು ಸಾಧನಗಳಿರುತ್ತಿದ್ದವು. ಒಂದು ಮಾತಾಡುವ ಫೋನ್. ಇನ್ನೊಂದು 'ಆರ್ಗನೈಸರ್', ಭಾರತದಲ್ಲಿ ಡಿಜಿಟಲ್ ಡೈರಿ ಅಂತ ಕರೆಯುತ್ತಿದ್ದ ವಸ್ತು. ಹೆಸರು, ವಿಳಾಸ, ಫೋನ್ ನಂಬರ್, ಯಾವ ದಿನ ಯಾರನ್ನು ಭೇಟಿಯಾಗಬೇಕು ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬಹುದಿತ್ತು. ಬ್ರಿಟನ್ನಿನ ಸಯಾನ್ ಕಂಪನಿ 1984ರಲ್ಲೇ ಇಂಥದ್ದನ್ನು ಮಾರಿತ್ತು. ಕ್ಯಾಸಿಯೋ, ಶಾರ್ಪ್ ಡೈರಿಗಳು ನಂತರ ಮನೆಮಾತಾದವು. 1993ರಲ್ಲಿ ಆ್ಯಪಲ್ 'ನ್ಯೂಟನ್' ತಂದಿತು, ಅದರ ಪರದೆ ಮೇಲೆ ಪೆನ್ನಿನಿಂದ ಬರೆಯಬಹುದಿತ್ತು.

ತೊಂದರೆ ಏನು ಅಂದರೆ, ಈ ಎರಡು ಸಾಧನಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ನಂಬರ್ ಇರುವುದು ಡೈರಿಯಲ್ಲಿ, ಕರೆ ಮಾಡುವುದು ಫೋನ್‌ನಲ್ಲಿ. ಒಂದರಲ್ಲಿ ಹುಡುಕಿ, ನೋಡಿಕೊಂಡು, ಇನ್ನೊಂದರಲ್ಲಿ ಒಂದೊಂದೇ ಅಂಕೆ ಒತ್ತಬೇಕು. ಡೈರಿಯಲ್ಲಿರುವ ಹೆಸರನ್ನು ಮುಟ್ಟಿದರೆ ಕರೆ ತಾನಾಗಿ ಹೋದರೆ ಹೇಗೆ? ಇವತ್ತು ದಿನಕ್ಕೆ ಹತ್ತಾರು ಸಲ ಯೋಚನೆಯೇ ಇಲ್ಲದೆ ಮಾಡುವ ಈ ಕೆಲಸವೇ ಸೈಮನ್‌ನ ಮೂಲ ಯೋಚನೆ.

ಫ್ಲೋರಿಡಾದಿಂದ ಲಾಸ್ ವೇಗಸ್‌ಗೆ

ಈ ಯೋಚನೆಯ ಹಿಂದಿದ್ದವರು ಐಬಿಎಂ ಎಂಜಿನಿಯರ್ ಫ್ರಾಂಕ್ ಕನೋವಾ. ಫ್ಲೋರಿಡಾ ರಾಜ್ಯದ ಬೋಕಾ ರೇಟನ್‌ನಲ್ಲಿ ಅವರ ತಂಡ ಕೆಲಸ ಮಾಡುತ್ತಿತ್ತು. 1981ರಲ್ಲಿ ಬಂದ ಪ್ರಸಿದ್ಧ ಐಬಿಎಂ ಪಿಸಿ ತಯಾರಾದದ್ದೂ ಅದೇ ಊರಿನಲ್ಲಿ. ಕಂಪ್ಯೂಟರ್ ಚಿಪ್‌ಗಳೂ ವೈರ್‌ಲೆಸ್ ಭಾಗಗಳೂ ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗುತ್ತಿವೆ, ಇನ್ನು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಬಹುದು ಎಂಬುದು ಕನೋವಾ ಅವರ ಲೆಕ್ಕ.

1992ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದಲ್ಲಿ ಪ್ರಾಯೋಗಿಕ ಮಾದರಿಯನ್ನು ತೋರಿಸಲಾಯಿತು. ಕರೆ, ಫ್ಯಾಕ್ಸ್, ಇಮೇಲ್ ಮಾತ್ರವಲ್ಲ, ನಕ್ಷೆ, ಷೇರು ದರ, ಸುದ್ದಿ ಕೂಡ ಆ ಮಾದರಿಯಲ್ಲಿತ್ತು. ಜನ ಮುಗಿಬಿದ್ದು ನೋಡಿದರು. 'ಯುಎಸ್‌ಎ ಟುಡೇ' ಪತ್ರಿಕೆಯ ವಾಣಿಜ್ಯ ವಿಭಾಗದ ಮುಖಪುಟದಲ್ಲಿ ಕನೋವಾ ಅವರ ಫೋಟೋ ಬಂತು. ಮರುವರ್ಷದ ನವೆಂಬರ್‌ನಲ್ಲಿ ಬೆಲ್‌ಸೌತ್ ಇದನ್ನು 'ಸೈಮನ್ ಪರ್ಸನಲ್ ಕಮ್ಯುನಿಕೇಟರ್' ಎಂಬ ಹೆಸರಲ್ಲಿ ಘೋಷಿಸಿತು. 1994ರ ಮೇ ತಿಂಗಳಲ್ಲಿ ಮಾರಾಟ ಶುರುವಾಗಬೇಕಿತ್ತು. ಸಾಫ್ಟ್‌ವೇರ್ ತೊಂದರೆಯಿಂದ ಅದು ಆಗಸ್ಟ್‌ಗೆ ಹೋಯಿತು.

ಸ್ಮಾರ್ಟ್‌ಫೋನ್ ಅನ್ನುವ ಹೆಸರು ಅದಕ್ಕೆ ಯಾರೂ ಇಡಲಿಲ್ಲ. ಆ ಪದ ಬಳಕೆಗೆ ಬಂದದ್ದು ನಂತರ. ಇತಿಹಾಸ ಬರೆದವರು ಹಿಂತಿರುಗಿ ನೋಡಿ ಸೈಮನ್‌ಗೆ 'ಮೊದಲ ಸ್ಮಾರ್ಟ್‌ಫೋನ್' ಅನ್ನುವ ಸ್ಥಾನ ಕೊಟ್ಟರು.

ಒಳಗೆ ಏನೇನಿತ್ತು?

ಸೈಮನ್ ಸುಮಾರು 20 ಸೆಂಟಿಮೀಟರ್ ಉದ್ದದ ಕಪ್ಪು ಪೆಟ್ಟಿಗೆ. ದಪ್ಪ ಸುಮಾರು 4 ಸೆಂಟಿಮೀಟರ್. ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, 510 ಗ್ರಾಂ. ಇವತ್ತಿನ ಎರಡೂವರೆ ಫೋನ್ ಒಟ್ಟಿಗೆ ಹಿಡಿದಂತೆ.

ಮುಂಭಾಗದಲ್ಲಿ ಉದ್ದಕ್ಕೆ ಬಣ್ಣವಿಲ್ಲದ ಟಚ್‌ಸ್ಕ್ರೀನ್. ಕರೆ ಮಾಡಬೇಕಾದರೆ ನಂಬರ್ ಗುಂಡಿಗಳು ಪರದೆಯ ಮೇಲೇ ಮೂಡುತ್ತಿದ್ದವು. ಬೆರಳಿನಿಂದಲೂ ಮುಟ್ಟಬಹುದು, ಜೊತೆಗೆ ಬರುವ ಕಡ್ಡಿಯಿಂದಲೂ ಒತ್ತಬಹುದು. ವಿಳಾಸ ಪುಸ್ತಕ, ಕ್ಯಾಲೆಂಡರ್, ಭೇಟಿಯ ಪಟ್ಟಿ, ಕ್ಯಾಲ್ಕುಲೇಟರ್, ಬೇರೆ ಬೇರೆ ದೇಶಗಳ ಸಮಯ ತೋರಿಸುವ ಗಡಿಯಾರ, ಟಿಪ್ಪಣಿ ಪುಸ್ತಕ ಇವೆಲ್ಲ ಇದ್ದವು. ಕೈಬರಹದಲ್ಲಿ ಗೀಚಿದ ಚೀಟಿಯನ್ನು ಹಾಗೇ ಫ್ಯಾಕ್ಸ್ ಮಾಡಬಹುದಿತ್ತು. ಟೈಪ್ ಮಾಡುವಾಗ ಮುಂದೆ ಯಾವ ಅಕ್ಷರ ಬರಬಹುದು ಅಂತ ಊಹಿಸಿ ತೋರಿಸುವ ಕೀಬೋರ್ಡ್ ಕೂಡ ಇತ್ತು. ಇಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಯುವಾಗ ಕೀಬೋರ್ಡ್ ಮೇಲೆ ಮೂಡುವ ಪದಗಳ ಹಿಂದಿನ ಯೋಚನೆಯೂ ಅದೇ.

ಒಳಗಿನ ಪ್ರೊಸೆಸರ್ 16 ಮೆಗಾಹರ್ಟ್ಸ್. ಮೆಮೊರಿ 1 ಎಂಬಿ, ಸಂಗ್ರಹಕ್ಕೆ ಇನ್ನೊಂದು 1 ಎಂಬಿ. ಆಗಿನ ಪಿಸಿಗಳಲ್ಲಿದ್ದ ಡಾಸ್ ಮಾದರಿಯ ವ್ಯವಸ್ಥೆಯೇ ಅಡಿಯಲ್ಲಿ ಓಡುತ್ತಿತ್ತು. ಆದರೆ ಬಳಸುವವರಿಗೆ ಅದು ಕಾಣುತ್ತಿರಲಿಲ್ಲ, ಅವರಿಗೆ ಕಾಣುತ್ತಿದ್ದದ್ದು ಚಿತ್ರಗಳಿರುವ ಪರದೆ ಮಾತ್ರ.

ಅಂದರೆ ಇಂದಿನ ಫೋನ್‌ನ ಅಸ್ಥಿಪಂಜರ ಪೂರ್ತಿಯಾಗಿ ಅಲ್ಲಿತ್ತು. ಕೊರತೆ ಇದ್ದದ್ದು ಹೊರಗೆ.

ಒಂದು ಗಂಟೆಯ ಬ್ಯಾಟರಿ

ಮೊದಲ ಅಡ್ಡಿ ಬ್ಯಾಟರಿ. ಸೈಮನ್‌ನಲ್ಲಿದ್ದದ್ದು ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ. ಇಂದಿನ ಲಿಥಿಯಂ ಬ್ಯಾಟರಿಗೆ ಹೋಲಿಸಿದರೆ ತೂಕ ಜಾಸ್ತಿ, ತುಂಬಿಕೊಳ್ಳುವ ಶಕ್ತಿ ಕಡಿಮೆ. ಅದೇ ಬ್ಯಾಟರಿ ಫೋನನ್ನೂ ನಡೆಸಬೇಕು, ಪುಟ್ಟ ಕಂಪ್ಯೂಟರನ್ನೂ ನಡೆಸಬೇಕು. ಸಾಲದ್ದಕ್ಕೆ ಆಗಿನ ಅಮೆರಿಕದ ಅನಲಾಗ್ ಫೋನ್ ಮಾತು ಮುಗಿಯುವವರೆಗೆ ಬಿಡುವಿಲ್ಲದೆ ತರಂಗ ಕಳಿಸುತ್ತಲೇ ಇರಬೇಕಿತ್ತು. ಜಿಎಸ್‌ಎಂ ತರಹದ ಡಿಜಿಟಲ್ ಫೋನ್‌ಗಳು ಮಾತನ್ನು ತುಂಡು ತುಂಡಾಗಿ ಕಳಿಸಿ ನಡುನಡುವೆ ವಿಶ್ರಾಂತಿ ಪಡೆಯುತ್ತವೆ. ಅದರಿಂದ ಬ್ಯಾಟರಿ ಉಳಿಯುತ್ತದೆ.

ಫಲ ಏನಾಯಿತು? ಒಂದು ಗಂಟೆ ಮಾತಾಡಿದರೆ ಸೈಮನ್ ಮಲಗುತ್ತಿತ್ತು. ಮಾತಾಡದೆ ಸುಮ್ಮನೆ ಆನ್ ಮಾಡಿಟ್ಟರೂ 8ರಿಂದ 12 ಗಂಟೆ ಅಷ್ಟೇ. ದಿನವಿಡೀ ಜೊತೆಗಿರಬೇಕಾದ ಡೈರಿ ಮಧ್ಯಾಹ್ನವೇ ಆಫ್ ಆದರೆ ಏನು ಪ್ರಯೋಜನ? ಕಾಗದದ ಡೈರಿಗೆ ಚಾರ್ಜ್ ಬೇಡ. ಎರಡು ಸಾಧನ ಸೇರಿಸಿದ್ದರಿಂದ ಹೊಸದೊಂದು ತೊಂದರೆ ಹುಟ್ಟಿತು: ಮಾತಿಗೆ ಬ್ಯಾಟರಿ ಮುಗಿದರೆ ವಿಳಾಸವೂ ಹೋಯಿತು, ಭೇಟಿಯ ಸಮಯವೂ ಹೋಯಿತು.

ದಾರಿಯೇ ಇಲ್ಲದ ವಾಹನ

ಎರಡನೇ ಅಡ್ಡಿ ನೆಟ್‌ವರ್ಕ್. ಬೆಲ್‌ಸೌತ್‌ನ ಸೆಲ್ಯುಲರ್ ಜಾಲ ಇದ್ದದ್ದು ಅಮೆರಿಕದ 15 ರಾಜ್ಯಗಳಲ್ಲಿ. ಸೈಮನ್ ಬಂದದ್ದೂ ಅಷ್ಟಕ್ಕೇ. ಅದು ಮಾತಿಗಾಗಿ ಕಟ್ಟಿದ ಅನಲಾಗ್ ಜಾಲ. ಇಮೇಲ್ ಕಳಿಸಬೇಕಾದರೆ ಸೈಮನ್ ತನ್ನೊಳಗಿನ ಮೋಡೆಮ್ ಮೂಲಕ ಅಕ್ಷರಗಳನ್ನು ಶಬ್ದವಾಗಿ ಬದಲಾಯಿಸಿ, ಕರೆ ಮಾಡಿ, ಆ ಕರೆಯ ಒಳಗೆ ಕಳಿಸಬೇಕಿತ್ತು. ಕರೆಯ ಮೀಟರ್ ಓಡುತ್ತಲೇ ಇರುತ್ತಿತ್ತು.

ವೇಗ ಸೆಕೆಂಡಿಗೆ 2,400 ಬಿಟ್. ಇದು ಎಷ್ಟು ನಿಧಾನ ಅಂತ ಒಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಇಂದಿನ ಫೋನ್‌ನಲ್ಲಿ ತೆಗೆದ 3 ಎಂಬಿ ಫೋಟೋ ಅಂದರೆ ಸುಮಾರು 2 ಕೋಟಿ 40 ಲಕ್ಷ ಬಿಟ್. ಸೈಮನ್ ವೇಗದಲ್ಲಿ ಅದನ್ನು ಕಳಿಸಲು 10 ಸಾವಿರ ಸೆಕೆಂಡ್, ಅಂದರೆ ಸುಮಾರು ಎರಡೂಮುಕ್ಕಾಲು ಗಂಟೆ ಬೇಕು. ಬ್ಯಾಟರಿ ಬರುವುದು ಒಂದು ಗಂಟೆ! ಒಂದೇ ಫೋಟೋ ಹೋಗುವಷ್ಟರಲ್ಲಿ ಅದು ಎರಡು ಸಲ ಖಾಲಿಯಾಗುತ್ತದೆ. ಹಾಗೆ ನೋಡಿದರೆ ಆ ಫೋಟೋ ಇಡಲು ಸೈಮನ್‌ನ ಒಳಗೆ ಜಾಗವೇ ಇರಲಿಲ್ಲ.

ವೆಬ್ ಬ್ರೌಸರ್ ಕೂಡ ಇರಲಿಲ್ಲ. ವೆಬ್ ಆಗಷ್ಟೇ ವಿಶ್ವವಿದ್ಯಾಲಯಗಳಿಂದ ಹೊರಗೆ ಕಾಲಿಡುತ್ತಿತ್ತು. ಹೊರಗಿನ ಪ್ರಪಂಚದಿಂದ ತರಲು ಹೆಚ್ಚೇನೂ ಇಲ್ಲದಾಗ ಸ್ಮಾರ್ಟ್‌ಫೋನ್ ಎಷ್ಟೇ ಸ್ಮಾರ್ಟ್ ಆಗಿದ್ದರೂ ಒಂದು ದುಬಾರಿ ಡೈರಿ ಮಾತ್ರ.

ಬೆಲೆ ಮತ್ತು ಕಿಸೆ

ಎರಡು ವರ್ಷದ ಸಂಪರ್ಕ ಒಪ್ಪಂದ ಮಾಡಿಕೊಂಡರೆ ಸೈಮನ್ ಬೆಲೆ 899 ಡಾಲರ್. ಒಪ್ಪಂದ ಇಲ್ಲದೆ 1,099 ಡಾಲರ್. ಅಂದಿನ ವಿನಿಮಯ ದರದಲ್ಲಿ 899 ಡಾಲರ್ ಅಂದರೆ ಸುಮಾರು 28 ಸಾವಿರ ರೂಪಾಯಿ. ನಂತರ ಒಪ್ಪಂದದ ಬೆಲೆಯನ್ನು 599 ಡಾಲರ್‌ಗೆ ಇಳಿಸಿದರು. ಆದರೂ ಜನ ದೊಡ್ಡ ಸಂಖ್ಯೆಯಲ್ಲಿ ಬರಲಿಲ್ಲ.

ಯಾಕಂದ್ರೆ ಆ ಹೊತ್ತಿಗೆ ಗ್ರಾಹಕರು ಕೇಳುತ್ತಿದ್ದದ್ದು ಸಣ್ಣ ಫೋನ್. ಮೊಟೊರೊಲಾ ಕಂಪನಿಯ ಮಡಚುವ ಫೋನ್‌ಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದ್ದವು. 1996ರ ಆರಂಭದಲ್ಲಿ ಬಂದ ಅದರ ಸ್ಟಾರ್‌ಟ್ಯಾಕ್ ತೂಕ 88 ಗ್ರಾಂ. ಅಂಗಿಯ ಕಿಸೆಗೆ ಹಾಕಿದರೆ ಇದೆ ಅಂತಲೇ ಗೊತ್ತಾಗದು. ಅರ್ಧ ಕಿಲೋ ತೂಗುವ ಪೆಟ್ಟಿಗೆಯಲ್ಲಿ ಕ್ಯಾಲೆಂಡರ್ ಇದೆ ಅಂತ ಹೇಳಿದರೆ ಎಷ್ಟು ಮಂದಿ ಹೊತ್ತುಕೊಂಡು ತಿರುಗುತ್ತಾರೆ?

ಆ್ಯಪ್‌ಗೆ ಜಾಗ ಇತ್ತು, ಮಾಡುವವರು ಇರಲಿಲ್ಲ

ಅಚ್ಚರಿಯ ಸಂಗತಿ ಏನೆಂದರೆ, ಸೈಮನ್‌ಗೆ ಹೊರಗಿನಿಂದ ಹೊಸ ಆ್ಯಪ್ ಹಾಕುವ ವ್ಯವಸ್ಥೆಯೂ ಇತ್ತು. ಕ್ರೆಡಿಟ್ ಕಾರ್ಡ್ ಗಾತ್ರದ ಮೆಮೊರಿ ಕಾರ್ಡ್ ತೂರಿಸಬಹುದು, ಅಥವಾ ಒಳಗಿನ ಮೆಮೊರಿಗೆ ಇಳಿಸಿಕೊಳ್ಳಬಹುದು. ಆದರೆ ಅದಕ್ಕೆಂದು ಹೊರಗಿನವರು ಮಾಡಿದ ಆ್ಯಪ್ ಅಂತ ಹೆಸರು ಉಳಿದಿರುವುದು ಒಂದೇ, 'ಡಿಸ್ಪ್ಯಾಚ್‌ಇಟ್'. ಕಚೇರಿಯಲ್ಲಿ ಕೂತವರು ಹೊರಗೆ ಓಡಾಡುವ ಕೆಲಸಗಾರರಿಗೆ ಕೆಲಸ ಹಂಚಲು ಬಳಸುವಂಥದ್ದು. ಬೆಲೆ? ಕಚೇರಿಯ ಕಂಪ್ಯೂಟರ್‌ಗೆ ಹಾಕುವ ಸಾಫ್ಟ್‌ವೇರ್ 2,999 ಡಾಲರ್, ಪ್ರತಿ ಸೈಮನ್‌ಗೆ ಮತ್ತೆ 299 ಡಾಲರ್.

ಆ್ಯಪ್ ಬರೆಯುವವರಿಗೆ ಲಾಭ ಬೇಕಾದರೆ ಲಕ್ಷಗಟ್ಟಲೆ ಫೋನ್ ಮಾರಾಟವಾಗಬೇಕು. ಫೋನ್ ಮಾರಾಟವಾಗಬೇಕಾದರೆ ಒಳ್ಳೆಯ ಆ್ಯಪ್ ಇರಬೇಕು. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಸ್ಥಿತಿ. ಈ ಗಂಟು ಬಿಚ್ಚಿದ್ದು 2008ರ ಜುಲೈಯಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ. ಆಗ ಲಕ್ಷಾಂತರ ಐಫೋನ್‌ಗಳು ಜನರ ಕೈಯಲ್ಲಿದ್ದವು, ಹಣ ಪಡೆಯುವ ದಾರಿ ಇತ್ತು, ಆ್ಯಪ್ ಇಳಿಸಿಕೊಳ್ಳಲು ಇಂಟರ್ನೆಟ್ ಇತ್ತು.

ಕಂಪನಿಯೇ ಕೈಬಿಟ್ಟಾಗ

ಇಷ್ಟೆಲ್ಲ ಕೊರತೆ ಇದ್ದರೂ ಎರಡನೇ, ಮೂರನೇ ಮಾದರಿಯಲ್ಲಿ ಸರಿಪಡಿಸಬಹುದಿತ್ತು. ಇನ್ನೂ ಸಣ್ಣ ಗಾತ್ರದ ಮುಂದಿನ ಮಾದರಿಯ ಕೆಲಸ ನಡೆದೂ ಇತ್ತು. ಅದು ಅಂಗಡಿ ತಲುಪಲಿಲ್ಲ. ಐಬಿಎಂಗೆ ಅದು ಕೆಟ್ಟ ಕಾಲ. 1993ರಲ್ಲಿ ಕಂಪನಿ 800 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿತ್ತು. ಅದೇ ವರ್ಷ ಲೂ ಗರ್ಸ್ಟ್‌ನರ್ ಹೊಸ ಮುಖ್ಯಸ್ಥರಾಗಿ ಬಂದು ಖರ್ಚು ಕಡಿತ ಶುರು ಮಾಡಿದ್ದರು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮನೆ ಉಳಿಸಿಕೊಳ್ಳಲು ಹೆಣಗುತ್ತಿದ್ದ ಕಂಪನಿಗೆ ಒಂದು ವಿಚಿತ್ರ ಫೋನಿನ ಮೇಲೆ ಹತ್ತು ವರ್ಷ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

ಇದನ್ನು ತಪ್ಪು ಅಂತ ಹೇಳುವುದು ಸುಲಭ. ಆದರೆ ಅಂದಿನ ಬ್ಯಾಟರಿ, ಅಂದಿನ ನೆಟ್‌ವರ್ಕ್ ಇಟ್ಟುಕೊಂಡು ನೋಡಿದರೆ ಎರಡನೇ ಸೈಮನ್ ಬಂದಿದ್ದರೂ ಕೋಟಿಗಟ್ಟಲೆ ಮಾರಾಟವಾಗುವ ಸ್ಥಿತಿ ಇರಲಿಲ್ಲ.

ನಂತರ ಬಂದವರು ಏನು ಮಾಡಿದರು?

ನಂತರದವರು ಸೈಮನ್‌ನ ಗುರಿಯನ್ನೇ ಹಿಡಿದರು, ಆದರೆ ದಾರಿ ಬೇರೆ. ಜೆಫ್ ಹಾಕಿನ್ಸ್ ಅವರ ಪಾಮ್ ಕಂಪನಿ ಫೋನಿನ ಆಸೆ ಬಿಟ್ಟು ಡೈರಿಯನ್ನು ಮಾತ್ರ ಚೆನ್ನಾಗಿ ಮಾಡಲು ಹೊರಟಿತು. ಹಾಕಿನ್ಸ್ ಮರದ ತುಂಡೊಂದನ್ನು ಸಾಧನದ ಗಾತ್ರಕ್ಕೆ ಕತ್ತರಿಸಿ, ಕಿಸೆಯಲ್ಲಿಟ್ಟುಕೊಂಡು ತಿರುಗಿ, ಬಳಸಲು ಹೇಗಿರುತ್ತದೆ ಅಂತ ಪರೀಕ್ಷಿಸಿದ್ದು ಪ್ರಸಿದ್ಧ ಸಂಗತಿ. 1996ರಲ್ಲಿ ಬಂದ ಪಾಮ್ 'ಪೈಲಟ್' ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ಓಡುತ್ತಿತ್ತು. ಜನ ಮುಗಿಬಿದ್ದು ಕೊಂಡರು.

ಅದೇ 1996ರಲ್ಲಿ ಫಿನ್ಲೆಂಡಿನ ನೋಕಿಯಾ '9000 ಕಮ್ಯುನಿಕೇಟರ್' ತಂದಿತು. ಮುಚ್ಚಿದರೆ ಫೋನ್, ಪೆಟ್ಟಿಗೆಯಂತೆ ತೆರೆದರೆ ಒಳಗೆ ಪೂರ್ತಿ ಕೀಬೋರ್ಡ್ ಮತ್ತು ಅಗಲ ಪರದೆ. ತೂಕ 397 ಗ್ರಾಂ. ಇದು ಡಿಜಿಟಲ್ ಜಿಎಸ್‌ಎಂ ಫೋನ್, ವೆಬ್ ಕೂಡ ನೋಡಬಹುದಿತ್ತು. 2000ದಲ್ಲಿ ಎರಿಕ್ಸನ್ ಆರ್380 ಬಂತು. 2002ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ 'ಟ್ರಿಯೋ' ಪಾಮ್ ಡೈರಿಯನ್ನೂ ಫೋನನ್ನೂ ಮತ್ತೆ ಒಂದು ಮಾಡಿತು. ಈ ಸಲ ಅದು ನಿಜವಾಗಿಯೂ ಕಿಸೆಗೆ ಹಿಡಿಸಿತು. ಸೈಮನ್‌ನ ಕನೋವಾ ಕೂಡ ಐಬಿಎಂ ಬಿಟ್ಟ ನಂತರ ಪಾಮ್‌ನಲ್ಲಿ ಕೆಲಸ ಮಾಡಿದರು. ಅಂಗಡಿಯಿಂದ ಮಾಯವಾದ ಸಾಧನದ ಅನುಭವ ಮಾಯವಾಗಲಿಲ್ಲ.

2007ರ ಹೊತ್ತಿಗೆ ಲಿಥಿಯಂ ಬ್ಯಾಟರಿ, ವೇಗದ ಚಿಪ್, ಅಗ್ಗದ ಮೆಮೊರಿ, ಬಣ್ಣದ ಪರದೆ, ವೈಫೈ, ವೆಬ್ ಎಲ್ಲವೂ ತಮ್ಮ ತಮ್ಮ ದಾರಿಯಲ್ಲಿ ಬೆಳೆದು ಬಂದಿದ್ದವು. ಆ್ಯಪಲ್ ಜಾಣತನ ತೋರಿಸಿದ್ದು ಅವುಗಳನ್ನು ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ಒಟ್ಟು ಸೇರಿಸುವುದರಲ್ಲಿ.

ಯುವಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಎಂಜಿನಿಯರಿಂಗ್ ಓದುವವರು, ಸ್ವಂತ ಉದ್ಯಮದ ಯೋಚನೆ ಇರುವವರು 'ಈ ಐಡಿಯಾ ಯಾರೂ ಮಾಡಿಲ್ಲ' ಅನ್ನುವುದನ್ನೇ ದೊಡ್ಡ ಬಲ ಅಂತ ತಿಳಿಯುತ್ತಾರೆ. ಸೈಮನ್ ನೋಡಿದರೆ ಅಷ್ಟು ಸಾಲದು. ಇನ್ನೂ ಕೆಲವು ಪ್ರಶ್ನೆ ಕೇಳಬೇಕು.

ಒಂದು: ಈ ವಸ್ತು ನಡೆಯಲು ಬೇರೆ ಯಾವ್ಯಾವ ವ್ಯವಸ್ಥೆ ತಯಾರಿರಬೇಕು? ಅವು ಈಗ ಇವೆಯೇ? ಹಳ್ಳಿಯಲ್ಲಿ ಸಿಗ್ನಲ್ಲೇ ಸರಿ ಇಲ್ಲದಿದ್ದರೆ ಆನ್‌ಲೈನ್ ಸೇವೆ ಎಷ್ಟು ಚೆನ್ನಾಗಿದ್ದರೂ ಓಡದು.

ಎರಡು: ಜನ ಇಂದು ಬಳಸುತ್ತಿರುವುದಕ್ಕಿಂತ ಇದು ಹಗುರವೋ ಭಾರವೋ? ಸೈಮನ್‌ನ ಎದುರಾಳಿಗಳಲ್ಲಿ ಕಾಗದದ ಡೈರಿಯೂ ಒಂದು.

ಮೂರು: ಮೊದಲ ವರ್ಷ ಮಾರಾಟ ಕಡಿಮೆಯಾದರೆ ಎರಡನೇ ವರ್ಷಕ್ಕೆ ಉಸಿರು ಉಳಿದಿರುತ್ತದೆಯೇ? ಸಾಲ ಮಾಡಿ ಶುರು ಮಾಡುವವರು ಮುಖ್ಯವಾಗಿ ಕೇಳಬೇಕಾದ್ದು ಇದನ್ನೇ. ಐಬಿಎಂನಂಥ ಕಂಪನಿಗೇ ಆ ಉಸಿರು ಇರಲಿಲ್ಲ.

ನಾಲ್ಕು: ಪೂರ್ತಿ ಮಾಡಲು ಆಗದಿದ್ದರೆ, ಅದರ ಒಂದು ಭಾಗವನ್ನಾದರೂ ಚೆನ್ನಾಗಿ ಮಾಡಿ ಮಾರಬಹುದೇ? ಪಾಮ್ ಗೆದ್ದದ್ದು ಹೀಗೆ.

2014ರಲ್ಲಿ, ಸೈಮನ್ ಮಾರಾಟಕ್ಕೆ ಬಂದು 20 ವರ್ಷ ತುಂಬಿದಾಗ, ಲಂಡನ್ನಿನ ಸೈನ್ಸ್ ಮ್ಯೂಸಿಯಂ ತನ್ನ ಹೊಸ ಮಾಹಿತಿ ಯುಗ ಗ್ಯಾಲರಿಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿತು. ಅರ್ಧ ಕಿಲೋ ತೂಕದ ಆ ಕಪ್ಪು ಪೆಟ್ಟಿಗೆಯಲ್ಲಿದ್ದ ವಿಳಾಸ ಪುಸ್ತಕ, ಕ್ಯಾಲೆಂಡರ್, ಗಡಿಯಾರ, ಕ್ಯಾಲ್ಕುಲೇಟರ್, ಟಿಪ್ಪಣಿ, ಇಮೇಲ್ ಇಂದು ಯಾವುದೇ ಅಗ್ಗದ ಫೋನ್ ಆನ್ ಮಾಡಿದರೂ ಮೊದಲ ಪರದೆಯಲ್ಲೇ ಕಾಣುತ್ತವೆ. ಫ್ಯಾಕ್ಸ್ ಒಂದು ಮಾತ್ರ ಇಲ್ಲ.